ಗುಣವಾದವರು ಮನೆಗೆ ಮರಳಿದಾಗ

ರೋಗ ಬಿಟ್ಟುಹೋದ ಮೇಲೂ ಅದರ ಭಯ ಬೇಗ ಬಿಟ್ಟುಹೋಗುವುದಿಲ್ಲ. ವೈದ್ಯರು ಪರೀಕ್ಷೆ ಮಾಡಿ, ಗುಣವಾಗಿದೆ ಎಂದು ಚೀಟಿ ಬರೆದುಕೊಟ್ಟರೂ ಪಕ್ಕದ ಮನೆಯವರು ಬಾಗಿಲು ತೆರೆಯಲು ಹಿಂಜರಿಯುತ್ತಾರೆ. ಅಂಗಡಿಯವರು ಹಣವನ್ನು ಕೈಯಲ್ಲಿ ಮುಟ್ಟುವುದಿಲ್ಲ. ದೇವಾಲಯದ ಬೆಂಚಿನಲ್ಲಿ ಅವರ ಪಕ್ಕದ ಜಾಗ ಖಾಲಿ ಉಳಿಯುತ್ತದೆ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಇದನ್ನು ನಾವು ನಮ್ಮ ಕೇರಿಗಳಲ್ಲೇ ಕಂಡೆವು. ಆಸ್ಪತ್ರೆಯಿಂದ ಬದುಕಿ ಬಂದ ಎಷ್ಟೋ ಮಂದಿ, 'ರೋಗಕ್ಕಿಂತ ಜನರ ನೋಟವೇ ಹೆಚ್ಚು ನೋಯಿಸಿತು' ಎಂದದ್ದನ್ನು ನಾವು ಮರೆತಿಲ್ಲ.

ಹಾಗಾದರೆ ಹೆದರುವುದೇ ತಪ್ಪೇ? ವಿಶ್ವಾಸಿಯಾದವನು ರೋಗಕ್ಕೆ ಅಂಜಬಾರದೇ? ಅಂಜಿಕೆಗೆ ಒಂದು ಮಿತಿ ಇದೆಯೇ? ಗುಣವಾಗಿ ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಈ ವಾರ ಆಫ್ರಿಕಾ ಖಂಡದ ಒಂದು ನಗರದತ್ತ ನೋಡೋಣ. ಕೋವಿಡ್‌ಗಿಂತ ಎಷ್ಟೋ ಪಟ್ಟು ಮಾರಕವಾದ ರೋಗವೊಂದನ್ನು, ಔಷಧಿಯಾಗಲಿ ಲಸಿಕೆಯಾಗಲಿ ಇಲ್ಲದ ಕಾಲದಲ್ಲಿ ಎದುರಿಸಿದ ನಗರ ಅದು. ಆ ಕಥೆಯಲ್ಲಿ ನಮ್ಮ ಧರ್ಮಸಭೆಯ ಕನ್ಯಾಭಗಿನಿಯರೂ ಇದ್ದಾರೆ. ಅಲ್ಲಿ ಬದುಕುಳಿದ ಒಬ್ಬರ ರಕ್ತದಿಂದ ಮುಂದೆ ಇಡೀ ಜಗತ್ತಿಗೆ ಒಂದು ಔಷಧಿಯೇ ದೊರೆಯಿತು.

ಕಿಕ್ವಿಟ್‌ನಲ್ಲಿ ನಡೆದದ್ದು

ಈಗ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಎನಿಸಿಕೊಂಡಿರುವ ದೇಶಕ್ಕೆ 1995ರಲ್ಲಿ ಜಾಯಿರ್ ಎಂಬ ಹೆಸರಿತ್ತು. ಅದರ ರಾಜಧಾನಿ ಕಿನ್ಶಾಸಾದಿಂದ ಪೂರ್ವಕ್ಕೆ ಸುಮಾರು 500 ಕಿಲೋಮೀಟರ್ ದೂರದಲ್ಲಿ, ಕ್ವಿಲು ನದಿಯ ದಂಡೆಯಲ್ಲಿ ಕಿಕ್ವಿಟ್ ನಗರವಿದೆ. ಆ ವರ್ಷದ ಜನವರಿಯಲ್ಲಿ, ನಗರದ ಹೊರಗಿನ ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದ ಒಬ್ಬ ಮನುಷ್ಯ ಜ್ವರ ಬಂದು ತೀರಿಕೊಂಡ. ಬಳಿಕ ಅವನ ಮನೆಯವರಲ್ಲೂ ಬಂಧುಗಳಲ್ಲೂ ಹಲವರು ಅದೇ ರೀತಿ ಸತ್ತರು. ಮೂರು ತಿಂಗಳ ಕಾಲ ರೋಗವು ಮನೆಯಿಂದ ಮನೆಗೆ ಸದ್ದಿಲ್ಲದೆ ಹರಡುತ್ತಿದ್ದರೂ ಅದು ಏನೆಂದು ಯಾರಿಗೂ ಗುರುತು ಸಿಗಲಿಲ್ಲ. ರಕ್ತಭೇದಿ ಕಾಣಿಸುತ್ತಿದ್ದುದರಿಂದ ಆಮಶಂಕೆ ಇರಬೇಕೆಂದು ಎಣಿಸಿದರು.

ಏಪ್ರಿಲ್ ತಿಂಗಳಲ್ಲಿ ನಗರದ ಆಸ್ಪತ್ರೆಯಲ್ಲಿ ಪ್ರಯೋಗಾಲಯದ ನೌಕರನೊಬ್ಬನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ನಡೆಯಿತು. ಕೆಲವೇ ದಿನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು, ಸಹಾಯಕ್ಕೆ ನಿಂತವರು, ಆರೈಕೆ ಮಾಡಿದ ದಾದಿಯರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಆಗ ಕಿನ್ಶಾಸಾದಿಂದ ಬಂದ ಡಾ. ಜಾನ್-ಜಾಕ್ ಮುಯೆಂಬೆ ಅವರಿಗೆ ಸಂಶಯ ಬಂದಿತು. ಇಂಥದೇ ರೋಗವನ್ನು ಅವರು 1976ರಲ್ಲಿ ಇದೇ ದೇಶದ ಇನ್ನೊಂದು ಮೂಲೆಯಲ್ಲಿ ನೋಡಿದ್ದರು. ರಕ್ತದ ಮಾದರಿಗಳನ್ನು ಹೊರದೇಶಕ್ಕೆ ಕಳುಹಿಸಲಾಯಿತು. ಇದು ಎಬೋಲಾ ಎಂಬ ವೈರಾಣುವಿನ ಕೆಲಸ ಎಂದು ಮೇ ತಿಂಗಳಲ್ಲಿ ಖಚಿತವಾಯಿತು.

ಎಬೋಲಾ ಕೋವಿಡ್‌ನಂತೆ ಗಾಳಿಯಲ್ಲಿ ಹರಡುವ ರೋಗವಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಇವುಗಳನ್ನು ಮುಟ್ಟಿದರೆ ತಗಲುತ್ತದೆ. ಸತ್ತವರ ಶರೀರದಲ್ಲೂ ವೈರಾಣು ಜೀವಂತವಾಗಿರುತ್ತದೆ. ಹಾಗಾಗಿ ಅದು ಮೊದಲು ಹಿಡಿಯುವುದು ಯಾರನ್ನು? ಮಗುವನ್ನು ಎತ್ತಿಕೊಂಡ ತಾಯಿಯನ್ನು, ಗಂಡನ ವಾಂತಿ ಒರೆಸಿದ ಹೆಂಡತಿಯನ್ನು, ಶವಕ್ಕೆ ಸ್ನಾನ ಮಾಡಿಸಿದ ಬಂಧುಗಳನ್ನು, ಆಸ್ಪತ್ರೆಯ ದಾದಿಯನ್ನು. ಪ್ರೀತಿಯಿಂದ ಹತ್ತಿರ ಹೋದವರನ್ನೇ ಅದು ಹಿಡಿಯುತ್ತದೆ. ಈ ರೋಗದ ಕ್ರೌರ್ಯ ಇರುವುದು ಇಲ್ಲಿಯೇ.

ಕಿಕ್ವಿಟ್‌ನಲ್ಲಿ 315 ಮಂದಿಗೆ ರೋಗ ತಗಲಿತು. ಅವರಲ್ಲಿ ಐದರಲ್ಲಿ ನಾಲ್ವರು ಸತ್ತರು. ರೋಗ ತಗಲಿದವರಲ್ಲಿ 80 ಮಂದಿ ಆಸ್ಪತ್ರೆಯ ಸೇವೆಯಲ್ಲಿದ್ದವರು. ಭಯಗೊಂಡ ಜನ ಆಸ್ಪತ್ರೆಯಿಂದ ಓಡಿದರು, ನೌಕರರಲ್ಲೂ ಹಲವರು ಬಿಟ್ಟುಹೋದರು. ಸರಕಾರ ರಾಜಧಾನಿಗೆ ಹೋಗುವ ದಾರಿಯನ್ನು ಮುಚ್ಚಿತು.

ಕೊನೆಗೆ ರೋಗ ನಿಂತದ್ದು ಹೇಗೆ? ಕೈಗವಸು, ಮುಖಗವಸು, ಮೇಲಂಗಿಗಳು ಬಂದವು. ರೋಗಿಗಳಿಗೆ ಪ್ರತ್ಯೇಕ ವಾರ್ಡ್ ಮಾಡಿದರು. ಶವಗಳನ್ನು ಹೂಳುವ ಕೆಲಸವನ್ನು ರೆಡ್‌ಕ್ರಾಸ್ ಸ್ವಯಂಸೇವಕರು ವಹಿಸಿಕೊಂಡರು. ವೈದ್ಯಕೀಯ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಜ್ವರ ಬಂದವರನ್ನು ಹುಡುಕಿದರು, ಜನರಿಗೆ ತಿಳಿಹೇಳಿದರು. ಆ ವರ್ಷದ ಆಗಸ್ಟ್‌ನಲ್ಲಿ ಪಿಡುಗು ಮುಗಿಯಿತೆಂದು ಸಾರಲಾಯಿತು. ಇಲ್ಲಿ ದೊಡ್ಡ ಯಂತ್ರಗಳಾಗಲಿ ದುಬಾರಿ ಔಷಧಿಗಳಾಗಲಿ ಇರಲಿಲ್ಲ. ಎಚ್ಚರಿಕೆ, ಶಿಸ್ತು, ಮನೆಮನೆಯ ಭೇಟಿ ಇವುಗಳಿಂದಲೇ ಕೆಲಸ ನಡೆಯಿತು.

ಆರು ಮಂದಿ ಕನ್ಯಾಭಗಿನಿಯರು

ಸತ್ತವರಲ್ಲಿ ಇಟಲಿಯ ಬೆರ್ಗಮೋ ನಗರದ 'ಬಡವರ ಸೋದರಿಯರು' ಎಂಬ ಸಭೆಗೆ ಸೇರಿದ ಆರು ಮಂದಿ ಇದ್ದರು. ಈ ಸಭೆಯನ್ನು ಸ್ಥಾಪಿಸಿದವರು ಲುಯಿಜಿ ಪಲಾಜ್ಜೋಲೋ ಎಂಬ ಗುರುಗಳು. 2022ರ ಮೇ 15ರಂದು ನಮ್ಮ ದೇಶದ ದೇವಸಹಾಯಂ ಪಿಳ್ಳೆಯವರನ್ನು ಜಗದ್ಗುರು ಫ್ರಾನ್ಸಿಸ್‌ರವರು ಸಂತ ಪದವಿಗೆ ಏರಿಸಿದಾಗ, ಅದೇ ಬಲಿಪೂಜೆಯಲ್ಲಿ ಪಲಾಜ್ಜೋಲೋರವರನ್ನೂ ಸಂತರೆಂದು ಸಾರಿದರು.

ಮೊದಲು ತೀರಿಕೊಂಡವರು ಸಿಸ್ಟರ್ ಫ್ಲೋರಾಲ್ಬಾ ರೋಂದಿ. 1952ರಲ್ಲಿ ಕಾಂಗೋಗೆ ಹೋಗಿದ್ದ ಅವರು ಶಸ್ತ್ರಚಿಕಿತ್ಸಾ ಕೊಠಡಿಯ ಅನುಭವಿ ದಾದಿ. ಏಪ್ರಿಲ್ 25ರಂದು ಅವರು ಕಣ್ಣುಮುಚ್ಚಿದಾಗ ಅದು ಎಬೋಲಾ ಎಂದು ಯಾರಿಗೂ ತಿಳಿದಿರಲಿಲ್ಲ. ಅವರ ಹಿಂದೆಯೇ ಮೇ 6ರಂದು ಸಿಸ್ಟರ್ ಕ್ಲಾರಾಂಜೆಲಾ ಗಿಲಾರ್ದಿ, 11ರಂದು ಸಿಸ್ಟರ್ ದಾನಿಯೆಲಾಂಜೆಲಾ ಸೋರ್ತಿ, 14ರಂದು ಸಿಸ್ಟರ್ ದಿನಾರೋಸಾ ಬೆಲ್ಲೇರಿ ತೀರಿಕೊಂಡರು. ಅಲ್ಲಿನ ಸೋದರಿಯರ ಪ್ರಾಂತ್ಯಾಧಿಕಾರಿಣಿಯಾಗಿದ್ದ ಸಿಸ್ಟರ್ ಅನ್ನೆಲ್ವಿರಾ ಒಸ್ಸೋಲಿ, ಕಾಯಿಲೆ ಬಿದ್ದ ತಮ್ಮವರ ಪಕ್ಕದಲ್ಲಿರಲು ಕಿಕ್ವಿಟ್‌ಗೆ ಬಂದರು. ಸಿಸ್ಟರ್ ವೀತಾರೋಸಾ ಜೋರ್ಜಾ ಕೂಡ ಆರೈಕೆಗೆಂದು ಬಂದರು. ಮೇ 23 ಮತ್ತು 28ರಂದು ಅವರಿಬ್ಬರೂ ಹೋದರು. ಹೀಗೆ ಐದು ವಾರಗಳೊಳಗೆ ಆರು ಮಂದಿ. 2021ರಲ್ಲಿ ಧರ್ಮಸಭೆ ಈ ಆರೂ ಮಂದಿಯನ್ನು 'ಪೂಜ್ಯರು' ಎಂದು ಗೌರವಿಸಿತು.

ಇವರ ಕಥೆಯನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕು. ಇವರೆಲ್ಲರೂ ಸಾವನ್ನು ಹುಡುಕಿಕೊಂಡು ಹೋದವರಲ್ಲ. ಮೊದಲಿನವರು ತಮ್ಮ ನಿತ್ಯದ ಕೆಲಸವನ್ನು ಮಾಡುತ್ತಿದ್ದರು, ಅಷ್ಟೇ. ಹೆರಿಗೆ ಮಾಡಿಸುವುದು, ಗಾಯ ತೊಳೆಯುವುದು, ರಾತ್ರಿ ರೋಗಿಯ ಪಕ್ಕ ಕೂರುವುದು ಅವರ ದಿನಚರಿಯಾಗಿತ್ತು. ಆಮೇಲೆ ಅಪಾಯ ಕಂಡಾಗ ಆ ದಿನಚರಿಯನ್ನು ಬಿಟ್ಟು ಓಡಲಿಲ್ಲ. ಧೈರ್ಯವೆಂಬುದು ಒಂದು ದಿನದಲ್ಲಿ ಬರುವ ವಸ್ತುವಲ್ಲ. ವರ್ಷಗಟ್ಟಲೆ ಮಾಡಿದ ಸಣ್ಣ ಸೇವೆ ಕಷ್ಟದ ದಿನ ಧೈರ್ಯವಾಗಿ ನಿಲ್ಲುತ್ತದೆ.

ಭಯವೆಂದರೆ ಏನು?

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಹೆದರುವುದು ಪಾಪವೇ? ಸಂತ ಥಾಮಸ್ ಅಕ್ವಿನಾಸ್‌ರವರು ಭಯದ ಬಗ್ಗೆ ಬಹಳ ಸಮಾಧಾನದಿಂದ ವಿಚಾರ ಮಾಡಿದ್ದಾರೆ. ಅವರ ಪ್ರಕಾರ ಭಯ ಹುಟ್ಟುವುದು ಪ್ರೀತಿಯಿಂದ. ನಮಗೆ ಪ್ರಿಯವಾದದ್ದು ಕಳೆದುಹೋಗುತ್ತದೆ ಎಂದಾಗಲೇ ನಾವು ಹೆದರುತ್ತೇವೆ. ಯಾವುದನ್ನೂ ಪ್ರೀತಿಸದವನಿಗೆ ಯಾವ ಭಯವೂ ಇಲ್ಲ. ಮಗುವಿಗೆ ಜ್ವರ ಬಂದಾಗ ತಾಯಿ ಹೆದರುವುದು ಅವಿಶ್ವಾಸದಿಂದಲ್ಲ, ಮಮತೆಯಿಂದ.

ಅವರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಮಿತವಾದ ಭಯವು ಮನುಷ್ಯನನ್ನು ಯೋಚಿಸುವಂತೆ ಮಾಡುತ್ತದೆ. ಆತ ಬಲ್ಲವರ ಸಲಹೆ ಕೇಳುತ್ತಾನೆ, ಕೆಲಸವನ್ನು ಹೆಚ್ಚು ಜಾಗ್ರತೆಯಿಂದ ಮಾಡುತ್ತಾನೆ. ಆದರೆ ಮಿತಿಮೀರಿದ ಭಯವು ಬುದ್ಧಿಯನ್ನೇ ಕಲಕಿಬಿಡುತ್ತದೆ. ಆಗ ಇರುವುದಕ್ಕಿಂತ ದೊಡ್ಡದಾಗಿ ಅಪಾಯ ಕಾಣುತ್ತದೆ, ಕೈಕಾಲು ಆಡುವುದಿಲ್ಲ, ಸರಿಯಾದ ಸಲಹೆ ಕಿವಿಗೆ ಬೀಳುವುದಿಲ್ಲ.

ಇದನ್ನು ಕಿಕ್ವಿಟ್‌ಗೆ ಅನ್ವಯಿಸಿ ನೋಡಿ. ಕೈಗವಸು ಹಾಕಿಕೊಂಡ ದಾದಿಯಲ್ಲೂ ಭಯವಿತ್ತು, ರೋಗಿಯನ್ನು ಬಿಟ್ಟು ಓಡಿದವನಲ್ಲೂ ಭಯವಿತ್ತು. ಒಂದು ಭಯ ಆಕೆಯನ್ನು ಕಾಪಾಡಿ, ರೋಗಿಯ ಹತ್ತಿರ ಹೋಗಲು ದಾರಿ ಮಾಡಿಕೊಟ್ಟಿತು. ಇನ್ನೊಂದು ಭಯ ರೋಗಿಯನ್ನು ಒಂಟಿಯಾಗಿ ಬಿಟ್ಟಿತು. ಆದ್ದರಿಂದ ನಾವು ಕೇಳಿಕೊಳ್ಳಬೇಕಾದದ್ದು, 'ನನಗೆ ಭಯವಿದೆಯೇ?' ಎಂದಲ್ಲ. 'ನನ್ನ ಭಯ ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದೆ?' ಎಂದು.

ಪ್ರೀತಿಗೆ ತಿಳಿವಳಿಕೆ ಬೇಕು

ಹಾಗೆಂದು ಒಳ್ಳೆಯ ಮನಸ್ಸೊಂದಿದ್ದರೆ ಸಾಕೇ? ಸಾಲದು. ಇದನ್ನು ಕಲಿಸುವ ಒಂದು ಕಹಿ ಘಟನೆ ನಮ್ಮ ಮಿಷನ್ ಆಸ್ಪತ್ರೆಯೊಂದರಲ್ಲೇ ನಡೆಯಿತು. ಅದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು.

ಡಾ. ಮುಯೆಂಬೆ ಈ ರೋಗವನ್ನು ಮೊದಲು ನೋಡಿದ್ದು 1976ರಲ್ಲಿ, ಜಾಯಿರ್ ದೇಶದ ಉತ್ತರ ಭಾಗದ ಯಾಂಬುಕು ಎಂಬ ಹಳ್ಳಿಯಲ್ಲಿ. ಅಲ್ಲಿ ಬೆಲ್ಜಿಯಂ ದೇಶದ ಕನ್ಯಾಭಗಿನಿಯರು ಆಸ್ಪತ್ರೆ ನಡೆಸುತ್ತಿದ್ದರು. ಸುತ್ತಮುತ್ತಲ ಬಡಜನರಿಗೆ ಅದೇ ದಿಕ್ಕು. ಪ್ರತಿದಿನ ಬೆಳಿಗ್ಗೆ ಐದು ಸಿರಿಂಜು ಮತ್ತು ಸೂಜಿಗಳನ್ನು ಕೊಡುತ್ತಿದ್ದರು. ಒಬ್ಬರಿಗೆ ಚುಚ್ಚಿದ ಮೇಲೆ ಬಿಸಿನೀರಿನಲ್ಲಿ ಜಾಲಿಸಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. ಪ್ರತಿ ಸಲವೂ ಕುದಿಸುವ ಅನುಕೂಲವಿರಲಿಲ್ಲ. ಹೀಗೆ ಆಸ್ಪತ್ರೆಯೇ ರೋಗ ಹರಡುವ ಸ್ಥಳವಾಯಿತು. 318 ಮಂದಿಗೆ ರೋಗ ತಗಲಿ 280 ಮಂದಿ ಸತ್ತರು. ಸೇವೆ ಮಾಡುತ್ತಿದ್ದ ಕನ್ಯಾಭಗಿನಿಯರೂ ಸತ್ತರು. ಆಸ್ಪತ್ರೆಯನ್ನು ಮುಚ್ಚಿದ ಮೇಲೆ ರೋಗ ಇಳಿಮುಖವಾಯಿತು. ಆ ಪ್ರದೇಶದಲ್ಲಿ ಹರಿಯುವ ಎಬೋಲಾ ನದಿಯ ಹೆಸರನ್ನೇ ಈ ವೈರಾಣುವಿಗೆ ಇಟ್ಟರು.

ಆ ಸೋದರಿಯರ ಪ್ರೀತಿಯಲ್ಲಿ ಕೊರತೆ ಇತ್ತೇ? ಇರಲಿಲ್ಲ. ಕೊರತೆ ಇದ್ದದ್ದು ಸಲಕರಣೆಯಲ್ಲಿ ಮತ್ತು ತಿಳಿವಳಿಕೆಯಲ್ಲಿ. ವಿವೇಕವು ಇತರ ಸದ್ಗುಣಗಳ ಸಾರಥಿ ಎಂದು ನಮ್ಮ ಧರ್ಮಶಾಸ್ತ್ರ ಕಲಿಸುತ್ತದೆ. ಸಾರಥಿಯಿಲ್ಲದ ರಥದಲ್ಲಿ ಎಂಥ ಒಳ್ಳೆಯ ಕುದುರೆ ಇದ್ದರೇನು? 'ದೇವರು ನೋಡಿಕೊಳ್ಳುತ್ತಾನೆ, ನನಗೇನೂ ಆಗುವುದಿಲ್ಲ' ಎಂದು ಎಚ್ಚರಿಕೆಯನ್ನು ತಳ್ಳಿಹಾಕುವುದು ವಿಶ್ವಾಸವಲ್ಲ. ದೇವಾಲಯದ ಶಿಖರದಿಂದ ಧುಮುಕು ಎಂದು ಸೈತಾನನು ಯೇಸುವನ್ನು ಕರೆದಾಗ, ದೇವರನ್ನು ಪರೀಕ್ಷಿಸಬಾರದೆಂದು ಯೇಸು ನಿರಾಕರಿಸಿದ್ದನ್ನು ನೆನೆಯೋಣ. ಕೋವಿಡ್ ಕಾಲದಲ್ಲಿ ದೇವಾಲಯಗಳನ್ನು ಮುಚ್ಚಿದಾಗ ಹಲವರು ನೊಂದುಕೊಂಡರು. ಆದರೆ ನೆರೆಯವರ ಪ್ರಾಣವನ್ನು ಕಾಯಲು ಮಾಡಿದ ಆ ತ್ಯಾಗವೂ ಒಂದು ಆರಾಧನೆಯೇ ಆಗಿತ್ತು.

ಇದರ ಇನ್ನೊಂದು ಮುಖವೂ ಇದೆ. ತಿಳಿವಳಿಕೆಗೂ ಪ್ರೀತಿ ಬೇಕು. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹಬ್ಬಿ 11,000ಕ್ಕೂ ಹೆಚ್ಚು ಮಂದಿ ಸತ್ತರು. ಶವದಿಂದ ರೋಗ ಹರಡುತ್ತದೆ ಎಂಬುದು ನಿಜವಾದ್ದರಿಂದ, ಮೊದಲ ತಿಂಗಳುಗಳಲ್ಲಿ ಮೈತುಂಬ ಮುಚ್ಚಿಕೊಂಡ ಅಪರಿಚಿತರು ಬಂದು ಶವವನ್ನು ಚೀಲದಲ್ಲಿ ಕಟ್ಟಿ ಒಯ್ಯುತ್ತಿದ್ದರು. ಮನೆಯವರಿಗೆ ಮುಖ ನೋಡಲು, ಪ್ರಾರ್ಥಿಸಲು ಅವಕಾಶವಿರಲಿಲ್ಲ. ಪರಿಣಾಮವೇನು? ಜನ ರೋಗಿಗಳನ್ನೂ ಶವಗಳನ್ನೂ ಬಚ್ಚಿಟ್ಟರು, ಗುಟ್ಟಾಗಿ ಹೂಳಿದರು, ರೋಗ ಇನ್ನಷ್ಟು ಹರಡಿತು. ಆಗ ವಿಶ್ವ ಆರೋಗ್ಯ ಸಂಸ್ಥೆ ಕ್ರೈಸ್ತ ಮತ್ತು ಮುಸ್ಲಿಂ ಸಂಘಸಂಸ್ಥೆಗಳೊಂದಿಗೆ ಕುಳಿತು ಹೊಸ ಕ್ರಮವನ್ನು ರೂಪಿಸಿತು. ನಮ್ಮ ಕಾರಿತಾಸ್ ಸಂಸ್ಥೆಯೂ ಅದರಲ್ಲಿ ಪಾಲ್ಗೊಂಡಿತು. ಶವವನ್ನು ಮುಟ್ಟದಿದ್ದರೂ, ದೂರದಲ್ಲಿ ನಿಂತು ಪ್ರಾರ್ಥಿಸಲು ಮನೆಯವರಿಗೂ ಗುರುಗಳಿಗೂ ಅವಕಾಶ ದೊರೆಯಿತು. ಗೌರವ ಸಿಕ್ಕಿದ ಮೇಲೆ ಜನ ಬಚ್ಚಿಡುವುದು ಕಡಿಮೆಯಾಯಿತು. ಸತ್ತವರನ್ನು ಗೌರವಿಸುವುದು ಬದುಕಿದವರನ್ನು ಉಳಿಸುವ ದಾರಿಯೂ ಆಯಿತು.

ಭಯ ಮಿತಿಮೀರಿದಾಗ

ಭಯದ ದೊಡ್ಡ ಅಪಾಯ ಯಾವುದು? ಅದು ಮನುಷ್ಯನನ್ನೇ ರೋಗವೆಂದು ಕಾಣುವಂತೆ ಮಾಡುತ್ತದೆ. ರೋಗಕ್ಕೆ ಹೆದರುವುದು ಸರಿ. ಆದರೆ ರೋಗ ಹೋದ ಮೇಲೂ ಆ ಮನುಷ್ಯನಿಗೆ ಹೆದರುತ್ತಿದ್ದರೆ ನಮ್ಮ ಭಯ ದಾರಿ ತಪ್ಪಿದೆ ಎಂದರ್ಥ.

ಕಿಕ್ವಿಟ್‌ನಲ್ಲಿ ಬದುಕಿ ಉಳಿದವರನ್ನು ಆಮೇಲೆ ಸಂಶೋಧಕರು ಮಾತನಾಡಿಸಿದರು. ಸಾವಿನ ಭಯ, ನಾಚಿಕೆ, ಬಂಧುಮಿತ್ರರು ಕೈಬಿಟ್ಟ ನೋವು ಇವನ್ನೆಲ್ಲ ಅವರು ಹೇಳಿಕೊಂಡರು. ಆ ದಿನಗಳಲ್ಲಿ ದೇವರ ಮೇಲಿನ ವಿಶ್ವಾಸವೇ ತಮ್ಮನ್ನು ಹಿಡಿದು ನಿಲ್ಲಿಸಿತು ಎಂದೂ ಹೇಳಿದರು. ಯೋಚಿಸಿ ನೋಡಿ: ಐದರಲ್ಲಿ ನಾಲ್ವರು ಸಾಯುವ ರೋಗದಿಂದ ಎದ್ದು ಬಂದವನನ್ನು ಊರು ಹಬ್ಬ ಮಾಡಿ ಎದುರುಗೊಳ್ಳಬೇಕಿತ್ತು. ಆದರೆ ಅವನಿಗೆ ಕಂಡದ್ದು ಮುಚ್ಚಿದ ಬಾಗಿಲು.

ಇದು ದೂರದ ಆಫ್ರಿಕಾದ ಕಥೆ ಮಾತ್ರವಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ವೈರಾಣು ಕಾಣಿಸಿಕೊಂಡು 17 ಮಂದಿ ಸತ್ತರು. ಸತ್ತವರಲ್ಲಿ ರೋಗಿಯ ಆರೈಕೆ ಮಾಡಿದ್ದ ಯುವ ದಾದಿಯೊಬ್ಬಳೂ ಇದ್ದಳು. ಆ ದಿನಗಳಲ್ಲಿ ಆಸ್ಪತ್ರೆಯ ದಾದಿಯರು ಬಸ್ ಹತ್ತಿದರೆ ಜನ ದೂರ ಸರಿಯುತ್ತಿದ್ದರು ಎಂದು ಪತ್ರಿಕೆಗಳಲ್ಲಿ ಓದಿದೆವು. ನಮ್ಮ ಪ್ರಾಣ ಉಳಿಸಲು ನಿಂತವರನ್ನೇ ನಾವು ದೂರ ಮಾಡಿದರೆ, ನಾಳೆ ನಮಗೆ ಕಾಯಿಲೆಯಾದಾಗ ಯಾರು ಬರುತ್ತಾರೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಬೋಲಾದಿಂದ ಗುಣವಾದ ಕೆಲವರ ಶರೀರದಲ್ಲಿ ವೈರಾಣು ತಿಂಗಳುಗಟ್ಟಲೆ, ಅಪರೂಪಕ್ಕೆ ವರ್ಷಗಟ್ಟಲೆ ಅಡಗಿರಬಹುದು. ಅದಕ್ಕಾಗಿ ಅವರು ವೈದ್ಯರ ಸಲಹೆಯಲ್ಲಿ ಇರಬೇಕಾಗುತ್ತದೆ, ದಾಂಪತ್ಯ ಜೀವನದಲ್ಲಿ ಕೆಲವು ಕಾಲ ಎಚ್ಚರ ವಹಿಸಬೇಕಾಗುತ್ತದೆ. ಆದರೆ ಒಟ್ಟಿಗೆ ಕೂತು ಊಟ ಮಾಡುವುದರಿಂದ, ಕೈಕುಲುಕುವುದರಿಂದ, ದೇವಾಲಯದಲ್ಲಿ ಪಕ್ಕದಲ್ಲಿ ಕೂರುವುದರಿಂದ ಅವರಿಂದ ರೋಗ ಬರುವುದಿಲ್ಲ. ಗುಣವಾದವರನ್ನು ಊರು ಪ್ರೀತಿಯಿಂದ ಕಂಡರೆ ಅವರು ತಪಾಸಣೆಗೆ ಧೈರ್ಯವಾಗಿ ಹೋಗುತ್ತಾರೆ. ಊರು ದೂರ ಮಾಡಿದರೆ ತಾವು ರೋಗಿಯಾಗಿದ್ದೆವೆಂಬುದನ್ನೇ ಬಚ್ಚಿಡುತ್ತಾರೆ. ಯಾವುದು ಊರಿಗೆ ಕ್ಷೇಮ?

ಗುಣವಾದವರ ರಕ್ತ

ಕಿಕ್ವಿಟ್‌ನಲ್ಲಿ ಪಿಡುಗು ಮುಗಿಯುತ್ತ ಬಂದಿದ್ದಾಗ ಅಲ್ಲಿನ ಕಾಂಗೋ ವೈದ್ಯರು ಒಂದು ಪ್ರಯತ್ನ ಮಾಡಿದರು. ರೋಗದಿಂದ ಗುಣವಾದವರ ರಕ್ತವನ್ನು ತೆಗೆದು ಎಂಟು ಮಂದಿ ರೋಗಿಗಳಿಗೆ ಕೊಟ್ಟರು. ಆ ಎಂಟರಲ್ಲಿ ಏಳು ಮಂದಿ ಬದುಕಿದರು. ಬದುಕಿದ್ದು ರಕ್ತದಿಂದಲೋ, ಅಷ್ಟರಲ್ಲಿ ಸುಧಾರಿಸಿದ್ದ ಆರೈಕೆಯಿಂದಲೋ ಎಂದು ವಿಜ್ಞಾನಿಗಳು ಬಹಳ ಕಾಲ ಚರ್ಚಿಸಿದರು. ಅಷ್ಟು ಕಡಿಮೆ ಜನರಿಂದ ಖಚಿತವಾಗಿ ಹೇಳುವುದು ಸಾಧ್ಯವಿರಲಿಲ್ಲ. ಆದರೂ ಒಂದು ಆಸೆಯ ಎಳೆ ಉಳಿಯಿತು.

ರೋಗದಿಂದ ಗುಣವಾದವರ ರಕ್ತದಲ್ಲಿ ಆ ರೋಗಾಣುವನ್ನು ಗುರುತಿಸಿ ತಡೆಯುವ ಪ್ರತಿಕಾಯಗಳು ಇರುತ್ತವೆ. ಪಿಡುಗು ಮುಗಿದು 11 ವರ್ಷಗಳಾದ ಮೇಲೆ ಕಿಕ್ವಿಟ್‌ನಲ್ಲಿ ಬದುಕುಳಿದಿದ್ದ ಒಬ್ಬರು ತಮ್ಮ ರಕ್ತವನ್ನು ಸಂಶೋಧನೆಗೆ ಕೊಟ್ಟರು. ಆ ಪ್ರತಿಕಾಯಗಳು ಅಷ್ಟು ವರ್ಷಗಳಾದರೂ ಅವರ ಶರೀರದಲ್ಲಿದ್ದವು. ಅವುಗಳಲ್ಲಿ ಒಂದನ್ನು ಆರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ಔಷಧಿ ಮಾಡಿದರು. 2018ರ ಆಗಸ್ಟ್‌ನಿಂದ 2020ರ ಜೂನ್‌ವರೆಗೆ ಕಾಂಗೋದ ಪೂರ್ವ ಭಾಗದಲ್ಲಿ ಎಬೋಲಾ ಮತ್ತೆ ಹಬ್ಬಿ 2,200ಕ್ಕೂ ಹೆಚ್ಚು ಮಂದಿ ಸತ್ತಾಗ ಈ ಔಷಧಿಯನ್ನು ಪರೀಕ್ಷಿಸಲಾಯಿತು. ಅದನ್ನು ಮುನ್ನಡೆಸಿದವರಲ್ಲಿ ಅದೇ ಡಾ. ಮುಯೆಂಬೆ ಇದ್ದರು. ಇದನ್ನು ಪಡೆದವರಲ್ಲಿ ಸತ್ತವರು ಸುಮಾರು ಮೂರರಲ್ಲಿ ಒಬ್ಬರು. ಬೇಗನೆ ಆಸ್ಪತ್ರೆಗೆ ಬಂದು, ಶರೀರದಲ್ಲಿ ವೈರಾಣು ಕಡಿಮೆ ಇದ್ದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕಿದರು. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ ಮನ್ನಣೆ ನೀಡಿದರು.

ಆ ಪೂರ್ವ ಕಾಂಗೋದಲ್ಲೇ ಇನ್ನೊಂದು ಸೇವೆಯೂ ನಡೆಯಿತು. ತಾಯಂದಿರು ಎಬೋಲಾ ವಾರ್ಡಿನಲ್ಲಿ ಮಲಗಿದಾಗ ಅವರ ಕೂಸುಗಳನ್ನು ಯಾರು ಎತ್ತಿಕೊಳ್ಳಬೇಕು? ಆ ಕೂಸುಗಳಿಗೂ ರೋಗ ತಗಲಿರಬಹುದು ಎಂಬ ಅಂಜಿಕೆ ಎಲ್ಲರಿಗೂ ಇತ್ತು. ಆಗ ಮುಂದೆ ಬಂದವರು ರೋಗದಿಂದ ಗುಣವಾಗಿದ್ದ ಹೆಂಗಸರು ಮತ್ತು ಗಂಡಸರು. ಅವರ ಶರೀರಕ್ಕೆ ಈಗ ರಕ್ಷಣೆ ಇತ್ತು. ಬೇನಿ, ಬುಟೆಂಬೋ ಮೊದಲಾದ ಊರುಗಳಲ್ಲಿ ಚಿಕಿತ್ಸಾ ಕೇಂದ್ರಗಳ ಪಕ್ಕದ ಶಿಶುವಿಹಾರಗಳಲ್ಲಿ ಅವರು ಆ ಕೂಸುಗಳನ್ನು ಮಡಿಲಲ್ಲಿಟ್ಟು ಹಾಲು ಕುಡಿಸಿದರು, ಜೋಗುಳ ಹಾಡಿದರು. ಊರು ಯಾರನ್ನು ಮುಟ್ಟಲು ಅಂಜಿತ್ತೋ, ಊರಿನ ಮಕ್ಕಳನ್ನು ಧೈರ್ಯದಿಂದ ಮುಟ್ಟಬಲ್ಲವರು ಅವರೇ ಆದರು.

ಪಾಳೆಯದ ಹೊರಗೆ

ಹಳೆಯ ಒಡಂಬಡಿಕೆಯ ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ. ಚರ್ಮರೋಗ ಬಂದವನು ಪಾಳೆಯದ ಹೊರಗೆ ಇರಬೇಕೆಂಬ ಕಠಿಣ ನಿಯಮ ಅಲ್ಲಿದೆ. ಅದು ಸಮಾಜವನ್ನು ಕಾಯುವ ಭಯ. ಆದರೆ 14ನೆಯ ಅಧ್ಯಾಯದಲ್ಲಿ ಇನ್ನೊಂದು ನಿಯಮವಿದೆ. ರೋಗಿ ಗುಣವಾದ ಸುದ್ದಿ ಬಂದಾಗ ಯಾಜಕನು ತಾನೇ ಪಾಳೆಯದ ಹೊರಗೆ ಹೋಗಿ ಅವನನ್ನು ನೋಡಬೇಕು, ಪರೀಕ್ಷಿಸಿ ಶುದ್ಧನೆಂದು ಸಾರಬೇಕು, ವಿಧಿಪೂರ್ವಕವಾಗಿ ಜನರೊಳಗೆ ಕರೆತರಬೇಕು. ಅಂದರೆ, ದೂರ ಇಡುವುದಕ್ಕೆ ಎಷ್ಟು ಸ್ಪಷ್ಟ ನಿಯಮವಿತ್ತೋ ಮರಳಿ ಸೇರಿಸಿಕೊಳ್ಳುವುದಕ್ಕೂ ಅಷ್ಟೇ ಸ್ಪಷ್ಟ ನಿಯಮವಿತ್ತು. ನಾವು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುತ್ತೇವೆ.

ಸಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸುತ್ತಾರೆ. ಬಳಿಕ ಯಾಜಕನ ಬಳಿಗೆ ಹೋಗಿ ತೋರಿಸಿಕೊಳ್ಳುವಂತೆ ಹೇಳುತ್ತಾರೆ. ಏಕೆ? ಗುಣವಾದ ಮೈ ಮಾತ್ರ ಸಾಲದು, ಆತನಿಗೆ ತನ್ನ ಮನೆ ಬೇಕು, ಊರು ಬೇಕು, ದೇವಾಲಯ ಬೇಕು. ಊರು ಅವನನ್ನು ಒಪ್ಪಿಕೊಂಡಾಗಲೇ ಆ ಸ್ವಸ್ಥತೆ ಪೂರ್ಣವಾಗುತ್ತದೆ. ಅದೇ ಅಧ್ಯಾಯದ ಕೊನೆಯನ್ನು ಗಮನಿಸಿ. ಆ ಮನುಷ್ಯ ಊರೊಳಗೆ ಹೋಗಿ ಎಲ್ಲರಿಗೂ ಸುದ್ದಿ ಸಾರುತ್ತಾನೆ. ಯೇಸು ಮಾತ್ರ ಬಹಿರಂಗವಾಗಿ ಊರೊಳಗೆ ಹೋಗಲಾರದೆ ಹೊರಗೆ, ನಿರ್ಜನ ಸ್ಥಳಗಳಲ್ಲಿ ಉಳಿಯುತ್ತಾರೆ. ಹೊರಗಿದ್ದವನು ಒಳಗೆ ಬಂದ, ಒಳಗಿದ್ದವರು ಹೊರಗೆ ನಿಂತರು. ಶಿಲುಬೆಯಲ್ಲಿ ನಡೆದದ್ದೂ ಇದೇ. ಪಟ್ಟಣದ ಹೊರಗೆ ಸುರಿದ ಪ್ರಭುವಿನ ರಕ್ತವು ನಮ್ಮೆಲ್ಲರಿಗೂ ಔಷಧಿಯಾಯಿತು. ಪ್ರತಿ ಬಲಿಪೂಜೆಯಲ್ಲಿ ಆ ಪಾತ್ರೆಯ ಮುಂದೆ ಮೊಣಕಾಲೂರುವ ನಾವು, ಗುಣವಾಗಿ ಬಂದ ಸೋದರನಿಗೆ ಬೆನ್ನು ತಿರುಗಿಸಬಹುದೇ?

ನಮ್ಮ ಕುಟುಂಬದಲ್ಲಿ, ನಮ್ಮ ಧರ್ಮಕೇಂದ್ರದಲ್ಲಿ

ಮತ್ತೊಂದು ಪಿಡುಗು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಆದರೆ ಜ್ವರ, ಕ್ಷಯ, ಕಾಮಾಲೆ, ಎಚ್ಐವಿ ಇವು ನಮ್ಮ ನಡುವೆ ಇದ್ದೇ ಇವೆ. ಆದ್ದರಿಂದ ಈಗಲೇ ಕೆಲವು ನಿರ್ಧಾರಗಳನ್ನು ಮಾಡಬಹುದು.

1. ಆರೋಗ್ಯ ಇಲಾಖೆಯವರೂ ವೈದ್ಯರೂ ಹೇಳಿದ್ದನ್ನು ಕೇಳೋಣ, ಕೇಳಿದ ಸುದ್ದಿಯನ್ನು ವಿಚಾರಿಸದೆ ಇನ್ನೊಬ್ಬರಿಗೆ ದಾಟಿಸದಿರೋಣ. ಫೋನಿನಲ್ಲಿ ಬಂದದ್ದೆಲ್ಲ ಶುಭಸಂದೇಶವಲ್ಲ.

2. ಒಂದು ಮನೆಯವರು ಪ್ರತ್ಯೇಕವಾಗಿ ಇರಬೇಕಾದಾಗ ಅವರ ಹೊಸ್ತಿಲಿಗೆ ಊಟ, ಹಾಲು, ಔಷಧಿ ತಲುಪಿಸುವವರು ಯಾರೆಂದು ವಾರ್ಡಿನ ಕುಟುಂಬಗಳು ಮೊದಲೇ ಗೊತ್ತುಮಾಡಲಿ. ದೂರ ಇರುವುದು ಬೇರೆ, ದೂರ ಮಾಡುವುದು ಬೇರೆ.

3. ಕೋವಿಡ್ ಕಾಲದಲ್ಲಿ ನಾಲ್ಕೇ ಮಂದಿಯ ಎದುರು ಮಣ್ಣಾದವರ ಕುಟುಂಬಗಳು ಇನ್ನೂ ನಮ್ಮ ನಡುವೆ ಇವೆ. ಅಂದು ಅಳಲೂ ಅವಕಾಶ ಸಿಗದವರು ಅವರು. ವರ್ಷದ ಪೂಜೆಯ ದಿನ ಅವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತುಬರೋಣ.

4. ರೋಗದಿಂದ ಗುಣವಾದವರು ದೇವಾಲಯಕ್ಕೆ ಬಂದ ಮೊದಲ ಭಾನುವಾರ ಅವರ ಪಕ್ಕದಲ್ಲಿ ಹೋಗಿ ಕೂರೋಣ. ಇದಕ್ಕೆ ಖರ್ಚಿಲ್ಲ, ಭಾಷಣ ಬೇಕಿಲ್ಲ. ಆದರೆ ಅವರು ಅದನ್ನು ಜನ್ಮವಿಡೀ ಮರೆಯುವುದಿಲ್ಲ.

5. ನಮ್ಮ ಧರ್ಮಕೇಂದ್ರದ ಹೆಣ್ಣುಮಕ್ಕಳು ಅನೇಕರು ದೂರದ ಊರುಗಳಲ್ಲಿ, ಹೊರದೇಶಗಳಲ್ಲಿ ದಾದಿಯರಾಗಿದ್ದಾರೆ. ಜಪಸರದಲ್ಲಿ ಅವರನ್ನು ಹೆಸರು ಹಿಡಿದು ನೆನೆಯೋಣ. ರಜೆಯಲ್ಲಿ ಬಂದಾಗ 'ಎಷ್ಟು ಸಂಬಳ?' ಎನ್ನುವ ಮೊದಲು 'ಹೇಗಿದ್ದೀಯಮ್ಮ?' ಎಂದು ಕೇಳೋಣ.

ಕುಟುಂಬ ಪ್ರಾರ್ಥನೆಯ ಬಳಿಕ ಚಿಂತನೆಗೆ

ಅ. ಕೋವಿಡ್ ದಿನಗಳಲ್ಲಿ ನಮ್ಮ ಮನೆಯ ಭಯ ನಮ್ಮಿಂದ ಯಾವ ಒಳ್ಳೆಯ ಕೆಲಸ ಮಾಡಿಸಿತು? ಯಾವ ಒಳ್ಳೆಯ ಕೆಲಸವನ್ನು ತಡೆಯಿತು?

ಆ. ಯಾವುದೋ ಕಾಯಿಲೆಯ ಕಾರಣದಿಂದ ನಾವು ಇಂದಿಗೂ ದೂರ ಇಟ್ಟಿರುವ ವ್ಯಕ್ತಿ ಅಥವಾ ಕುಟುಂಬ ಇದೆಯೇ? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?

ಇ. ಸಂತ ಮಾರ್ಕನ ಶುಭಸಂದೇಶ 1:40-45 ಓದಿ. ಆ ಊರಿನವರ ಜಾಗದಲ್ಲಿ ನಾವಿದ್ದಿದ್ದರೆ ಗುಣವಾಗಿ ಬಂದವನನ್ನು ನಂಬುತ್ತಿದ್ದೆವೇ?

ಪ್ರಾರ್ಥನೆ

ಪ್ರಭು ಯೇಸುವೇ, ಯಾರೂ ಮುಟ್ಟದವರನ್ನು ನೀವು ಮುಟ್ಟಿದಿರಿ. ನಮ್ಮ ಭಯವನ್ನು ನೀವು ಬಲ್ಲಿರಿ. ಅದನ್ನು ಎಚ್ಚರಿಕೆಯನ್ನಾಗಿ ಮಾರ್ಪಡಿಸಿರಿ, ಕಲ್ಲುಮನಸ್ಸಾಗಲು ಬಿಡಬೇಡಿರಿ. ರೋಗಿಗಳ ಸೇವೆಯಲ್ಲಿ ಪ್ರಾಣ ಕೊಟ್ಟವರಿಗೆ ನಿತ್ಯವಿಶ್ರಾಂತಿಯನ್ನು ನೀಡಿರಿ. ಈಗಲೂ ಆ ಸೇವೆಯಲ್ಲಿರುವವರನ್ನು ಕಾಪಾಡಿರಿ. ಗುಣವಾಗಿ ಮನೆಗೆ ಮರಳುವವರಿಗೆ ನಮ್ಮ ಬಾಗಿಲುಗಳು ತೆರೆದಿರಲಿ. ಆಮೆನ್.